ಗ್ರಹಗಳ ಹವೆಯನ್ನು ಕಂಪ್ಯೂಟರಿನಲ್ಲಿ ಕಟ್ಟುವುದಾದರೆ ಯಾವ ಮಾದರಿ ಹಿಡಿಯಬೇಕು?

ಮಂಗಳನ ಧೂಳುಗಾಳಿ, ಶುಕ್ರನ ಮೋಡ, ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್-1ಇ ಗ್ರಹದಲ್ಲಿ ಇದ್ದರೂ ಇರಬಹುದಾದ ಸಾಗರ. ಇವನ್ನೆಲ್ಲ ಸ್ವಂತ ಕಂಪ್ಯೂಟರಿನಲ್ಲಿ ಕಟ್ಟಿ ನೋಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲೇ ನಿಂತುಬಿಡುತ್ತಾರೆ. ಕ್ಲೈಮ್‌ಲ್ಯಾಬ್, ಎಕ್ಸೋಪ್ಲಾಸಿಮ್, ಇಸ್ಕಾ, ರಾಕಿ-3ಡಿ, ಜೆನೆರಿಕ್ ಪಿಸಿಎಂ ಎಂದು ಮಾದರಿಗಳ ಹೆಸರುಗಳೇನೋ ಸಿಗುತ್ತವೆ. ಎಲ್ಲವೂ ಉಚಿತವೆಂದೂ ತಿಳಿಯುತ್ತದೆ. ಯಾವುದನ್ನು ಹಿಡಿಯುವುದು ಎಂಬುದು ಮಾತ್ರ ತಿಳಿಯುವುದಿಲ್ಲ. ಆರು ತಿಂಗಳಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮುಗಿಸಬೇಕಾದ ವಿದ್ಯಾರ್ಥಿ, ತರಗತಿಯಲ್ಲಿ ಹಸಿರುಮನೆ ಪರಿಣಾಮ ತೋರಿಸಬೇಕೆನ್ನುವ ಉಪನ್ಯಾಸಕಿ, ಕಾದಂಬರಿಗಾಗಿ ಹೊಸ ಗ್ರಹವೊಂದನ್ನು ಕಲ್ಪಿಸಿಕೊಳ್ಳುತ್ತಿರುವ ಬರಹಗಾರ, ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಕೊಡಬಲ್ಲ ಮಾದರಿಗಳಲ್ಲಿ ಅತಿ ಚಿಕ್ಕದನ್ನು ಹಿಡಿಯಿರಿ. ದೊಡ್ಡ ಮಾದರಿ ತಪ್ಪು ಉತ್ತರವನ್ನೂ ಅಂದವಾದ ನಕಾಶೆಯಾಗಿ ಬಿಡಿಸಿ ಕೈಗಿಡುತ್ತದೆ. ಆ ತಪ್ಪು ಸಾವಿರಾರು ಸಾಲುಗಳ ಕೋಡಿನಲ್ಲಿ ಎಲ್ಲಿ ಕೂತಿದೆಯೆಂದು ಹುಡುಕುವ ಹೊತ್ತಿಗೆ ಪ್ರಾಜೆಕ್ಟಿನ ಗಡುವು ದಾಟಿರುತ್ತದೆ.

ಮೊದಲು ಕೇಳಿಕೊಳ್ಳಬೇಕಾದ್ದು

ನಿಮಗೆ ಬೇಕಿರುವ ಉತ್ತರ ಎಷ್ಟು ಆಯಾಮದ್ದು? ಗ್ರಹದ ಸರಾಸರಿ ಉಷ್ಣಾಂಶ ಸಾಕಾದರೆ ಒಂದು ಸಮೀಕರಣ ಸಾಕು. ಧ್ರುವದ ಹಿಮ ಯಾವ ಅಕ್ಷಾಂಶದವರೆಗೆ ಇಳಿಯುತ್ತದೆ ಎನ್ನುವುದಾದರೆ ಅಕ್ಷಾಂಶವೊಂದೇ ಆಯಾಮವಾಗಿರುವ ಮಾದರಿ ಸಾಕು. ಗಾಳಿ ಎತ್ತ ಬೀಸುತ್ತದೆ, ಮಳೆ ಎಲ್ಲಿ ಬೀಳುತ್ತದೆ, ಹಗಲಿನ ಬದಿಗೂ ಇರುಳಿನ ಬದಿಗೂ ಎಷ್ಟು ಅಂತರ ಎಂದು ಕೇಳಿದರೆ ಮಾತ್ರ ಮೂರು ಆಯಾಮದ ಪರಿಚಲನಾ ಮಾದರಿ ಬೇಕಾಗುತ್ತದೆ. ಈ ಕ್ಷೇತ್ರದವರು ಅದನ್ನು ಜಿಸಿಎಂ ಎನ್ನುತ್ತಾರೆ.

ಎರಡನೆಯದು ವಿಕಿರಣ. ಹೊಸಬರು ಇದನ್ನೇ ಹೆಚ್ಚಾಗಿ ಮರೆಯುತ್ತಾರೆ. ಮಾದರಿಯೊಳಗಿನ ವಿಕಿರಣದ ಲೆಕ್ಕ ಯಾವ ಅನಿಲಗಳಿಗೆ, ಎಷ್ಟು ಒತ್ತಡದವರೆಗೆ, ಎಂಥ ನಕ್ಷತ್ರದ ಬೆಳಕಿಗೆ ನಂಬಲರ್ಹ? ಭೂಮಿಗೆಂದು ಬರೆದ ಲೆಕ್ಕ ಇಂಗಾಲದ ಡೈಆಕ್ಸೈಡ್ ಶೇಕಡ 96ರಷ್ಟಿರುವ, ಒತ್ತಡ ಭೂಮಿಯ 90 ಪಟ್ಟು ಮೀರಿದ ಶುಕ್ರನಲ್ಲಿ ಕೆಲಸ ಮಾಡುವುದಿಲ್ಲ. ಸೂರ್ಯನಿಗಿಂತ ಚಿಕ್ಕದೂ ತಂಪೂ ಆದ ಕೆಂಪು ಕುಬ್ಜ ನಕ್ಷತ್ರದ ಬೆಳಕು ಹೆಚ್ಚಾಗಿ ಅವಕೆಂಪಿನಲ್ಲಿ ಬರುತ್ತದೆ. ಆ ತರಂಗಾಂತರದಲ್ಲಿ ಹಿಮ ಬೆಳಕನ್ನು ಕಡಿಮೆ ಹಿಂದಿರುಗಿಸಿ ಹೆಚ್ಚು ಹೀರಿಕೊಳ್ಳುತ್ತದೆ. ಸೂರ್ಯನ ಬೆಳಕಿಗೆ ಹೊಂದುವ ಹಿಮದ ಪ್ರತಿಫಲನಾಂಕವನ್ನು ಅಲ್ಲಿಯೂ ಹಾಕಿದರೆ ಗ್ರಹ ಸುಳ್ಳೇ ಹೆಪ್ಪುಗಟ್ಟುತ್ತದೆ.

ಮೂರನೆಯದು ಮೋಡ ಮತ್ತು ಸಾಗರ, ನಾಲ್ಕನೆಯದು ಯಂತ್ರ ಮತ್ತು ಸಮಯ. ಇಲ್ಲಿ ಒಂದು ಮಾತು ನೆನಪಿರಲಿ. ಒಂದು ವರ್ಷದ ಹವೆಯನ್ನು ನಡೆಸಲು ಎಷ್ಟು ಹೊತ್ತು ಬೇಕು ಎನ್ನುವುದಕ್ಕಿಂತ ಮಾದರಿ ಸಮತೋಲನಕ್ಕೆ ಬರಲು ಎಷ್ಟು ವರ್ಷ ನಡೆಸಬೇಕು ಎನ್ನುವುದು ಮುಖ್ಯ. ಚಲನೆಯಿಲ್ಲದ, ಕೆಲವು ಹತ್ತು ಮೀಟರ್ ಆಳದ ನೀರಿನ ಪದರವನ್ನೇ ಸಾಗರವೆಂದು ಇಟ್ಟರೆ ಕೆಲವು ದಶಕಗಳಲ್ಲಿ ಸಮತೋಲನ ಬರುತ್ತದೆ. ಪ್ರವಾಹಗಳಿರುವ ಆಳ ಸಾಗರವನ್ನು ಇಟ್ಟರೆ ನೂರಾರು ವರ್ಷ, ಒಮ್ಮೊಮ್ಮೆ ಸಾವಿರಕ್ಕೂ ಹೆಚ್ಚು ವರ್ಷ ನಡೆಸಬೇಕು.

ಕೊನೆಯದು, ಫಲಿತಾಂಶವನ್ನು ಯಾವುದರ ಜತೆ ಹೋಲಿಸಿ ನೋಡುತ್ತೀರಿ? ಮಂಗಳಕ್ಕೆ ಈ ಅನುಕೂಲವಿದೆ. 1976ರಲ್ಲಿ ಇಳಿದ ವೈಕಿಂಗ್ ನೌಕೆಗಳು ಅಳೆದ ಒತ್ತಡ ಋತುವಿನೊಂದಿಗೆ ಏರಿಳಿಯುತ್ತದೆ. ಅಲ್ಲಿನ ವಾಯುಮಂಡಲದ ಕಾಲುಭಾಗದಷ್ಟು ಧ್ರುವದ ಚಳಿಗಾಲದಲ್ಲಿ ಹಿಮವಾಗಿ ನೆಲಕ್ಕಿಳಿಯುವುದೇ ಇದಕ್ಕೆ ಕಾರಣ. ಆ ಏರಿಳಿತವನ್ನು ತೋರಿಸಲಾಗದ ಮಂಗಳ ಮಾದರಿಯನ್ನು ಬದಿಗಿಡಬಹುದು. ಬೇರೆ ನಕ್ಷತ್ರಗಳನ್ನು ಸುತ್ತುವ ಹೊರಗ್ರಹಗಳಿಗೆ ಇಂಥ ಅಳತೆಗೋಲು ಬಹುತೇಕ ಇಲ್ಲ.

ಕಾಗದ, ಪೆನ್ಸಿಲ್, ಒಂದು ಸಮೀಕರಣ

ಬರುವ ಬಿಸಿಲಿಗೂ ಹೋಗುವ ಶಾಖಕ್ಕೂ ಸರಿದೂಗಿಸಿದರೆ ಭೂಮಿಗೆ 255 ಕೆಲ್ವಿನ್, ಅಂದರೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಬರುತ್ತದೆ. ನೆಲದ ನಿಜವಾದ ಸರಾಸರಿ 288 ಕೆಲ್ವಿನ್. ನಡುವಿನ 33 ಡಿಗ್ರಿ ಹಸಿರುಮನೆಯದು. ಶುಕ್ರನಿಗೆ ಇದೇ ಲೆಕ್ಕ ಹಾಕಿ. ಅದರ ಮೋಡಗಳು ಬಿಸಿಲಿನ ಮುಕ್ಕಾಲು ಪಾಲನ್ನು ಹಿಂದಿರುಗಿಸುವುದರಿಂದ ಸುಮಾರು 229 ಕೆಲ್ವಿನ್ ಬರುತ್ತದೆ, ಭೂಮಿಗಿಂತ ಕಡಿಮೆ. ಆದರೆ ನೆಲದ ಮೇಲೆ 735 ಕೆಲ್ವಿನ್ ಆಸುಪಾಸಿನ ಉರಿ. ಸೂರ್ಯನಿಗೆ ಹತ್ತಿರವಿದ್ದೂ ಭೂಮಿಗಿಂತ ಕಡಿಮೆ ಬಿಸಿಲು ಹೀರುವ ಗ್ರಹ ಸೀಸ ಕರಗುವಷ್ಟು ಬಿಸಿಯಾಗಿದೆ ಎನ್ನುವುದನ್ನು ಹದಿನೈದು ನಿಮಿಷದಲ್ಲಿ ಕಪ್ಪುಹಲಗೆಯ ಮೇಲೆ ತೋರಿಸಬಹುದು. ಉಪನ್ಯಾಸಕರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಖರ್ಚೂ ಇಲ್ಲ.

ಅಕ್ಷಾಂಶದ ಶಕ್ತಿ ಸಮತೋಲನ ಮಾದರಿ

ಒಂದು ಮೆಟ್ಟಿಲು ಮೇಲೆ ಹೋದರೆ 1969ರಲ್ಲಿ ಸೋವಿಯತ್ ಒಕ್ಕೂಟದ ಮಿಖಾಯಿಲ್ ಬುಡಿಕೊ ಮತ್ತು ಅಮೆರಿಕದ ವಿಲಿಯಂ ಸೆಲ್ಲರ್ಸ್ ಬೇರೆಬೇರೆಯಾಗಿ ಕಟ್ಟಿದ ಮಾದರಿ ಸಿಗುತ್ತದೆ. ಪ್ರತಿ ಅಕ್ಷಾಂಶಕ್ಕೂ ಬಿಸಿಲು, ಹೊರಹೋಗುವ ಶಾಖ, ಅಕ್ಕಪಕ್ಕದ ಅಕ್ಷಾಂಶಕ್ಕೆ ಹರಿಯುವ ಶಾಖ, ಇಷ್ಟೇ. ಚಳಿ ಹೆಚ್ಚಾದರೆ ಹಿಮ ಹರಡುತ್ತದೆ, ಹಿಮ ಹರಡಿದರೆ ಬಿಸಿಲು ಹಿಂದಿರುಗಿ ಚಳಿ ಇನ್ನೂ ಹೆಚ್ಚುತ್ತದೆ. ಬಿಸಿಲನ್ನು ಕೆಲವೇ ಶೇಕಡ ಕಡಿಮೆ ಮಾಡಿದರೂ ಇಡೀ ಗ್ರಹ ಹಿಮದಲ್ಲಿ ಮುಚ್ಚಿಹೋಗಬಹುದೆಂದು ಈ ಪುಟ್ಟ ಮಾದರಿ ತೋರಿಸಿತು. ಒಮ್ಮೆ ಮುಚ್ಚಿದ ಮೇಲೆ ಅಷ್ಟೇ ಬಿಸಿಲನ್ನು ಮರಳಿ ಕೊಟ್ಟರೂ ಹಿಮ ಕರಗುವುದಿಲ್ಲ. ಒಂದೇ ಬಿಸಿಲಿಗೆ ಎರಡು ಸ್ಥಿತಿಗಳಿವೆ, ಯಾವುದು ದೊರೆಯುತ್ತದೆ ಎನ್ನುವುದು ಎಲ್ಲಿಂದ ಹೊರಟಿರಿ ಎಂಬುದರ ಮೇಲೆ ನಿಂತಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ದೊಡ್ಡ ಮಾದರಿಗಳ ಬಳಿ ಹೋದಾಗ ಬೇಕಾಗುತ್ತದೆ.

ಇದನ್ನು ಕೈಯಾರೆ ಮಾಡಿ ನೋಡಲು ಕ್ಲೈಮ್‌ಲ್ಯಾಬ್ ಇದೆ. ನ್ಯೂಯಾರ್ಕ್ ರಾಜ್ಯದ ಆಲ್ಬನಿ ವಿಶ್ವವಿದ್ಯಾಲಯದ ಬ್ರಯಾನ್ ರೋಸ್ ಬರೆದ ಪೈಥಾನ್ ಪ್ಯಾಕೇಜ್ ಇದು. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕ್ಷಣಗಳಲ್ಲಿ ಉತ್ತರ ಬರುತ್ತದೆ. ಗ್ರಹದ ಅಕ್ಷದ ಓರೆ ಎಷ್ಟಿದ್ದರೆ ಹಿಮ ಎಲ್ಲಿಗೆ ಬರುತ್ತದೆ, ಶಾಖದ ಹರಿವು ಇಮ್ಮಡಿಯಾದರೆ ಏನಾಗುತ್ತದೆ ಎಂದು ಒಂದು ಸಂಜೆಯಲ್ಲಿ ನೂರು ಬಾರಿ ಬದಲಿಸಿ ನೋಡಬಹುದು. ಯಾವ ಜಿಸಿಎಂನಲ್ಲೂ ಈ ಸ್ವಾತಂತ್ರ್ಯ ಇಲ್ಲ.

ಮಿತಿಯೂ ಅಷ್ಟೇ ಸ್ಪಷ್ಟವಾಗಿದೆ. ಹೊರಹೋಗುವ ಶಾಖವನ್ನು ಉಷ್ಣಾಂಶದ ಸರಳ ರೇಖೆಯಾಗಿ ಬರೆದು ಎರಡು ಸಂಖ್ಯೆಗಳಲ್ಲಿ ಹಿಡಿದಿಡಲಾಗಿದೆ, ಸಾಮಾನ್ಯವಾಗಿ 210 ಮತ್ತು 2 (ಶಾಖ ಚದರ ಮೀಟರಿಗೆ ವಾಟ್‌ಗಳಲ್ಲಿ, ಉಷ್ಣಾಂಶ ಸೆಲ್ಸಿಯಸ್‌ನಲ್ಲಿ). ಅವೆರಡೂ ಇಂದಿನ ಭೂಮಿಯ ಸಂಖ್ಯೆಗಳು. ಮಂಗಳದ ತೆಳು ಹವೆಗೆ ಅವನ್ನೇ ಹಾಕಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ.

ಒಂದು ಕಂಬದ ಮಾದರಿ

ಅನಿಲಗಳೇ ನಿಮ್ಮ ಪ್ರಶ್ನೆಯಾದರೆ ಅಕ್ಷಾಂಶ ಬಿಟ್ಟು ಎತ್ತರವನ್ನು ಹಿಡಿಯಿರಿ. ನೆಲದಿಂದ ಮೇಲಕ್ಕೆ ಪದರ ಪದರವಾಗಿ ವಿಕಿರಣವನ್ನೂ ಬಿಸಿ ಗಾಳಿ ಮೇಲೇರಿ ಶಾಖ ಸಾಗಿಸುವ ಸಂವಹನವನ್ನೂ ಲೆಕ್ಕ ಹಾಕುವ ಕಂಬ ಇದು. 1967ರಲ್ಲಿ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಇಂಥ ಕಂಬದಲ್ಲೇ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆಂದು ಲೆಕ್ಕ ಹಾಕಿದರು. ಮನಾಬೆ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಕ್ಲೈಮ್‌ಲ್ಯಾಬ್‌ನಲ್ಲಿ ಈ ಸೌಲಭ್ಯವೂ ಇದೆ.

ಕಂಬಕ್ಕೂ ಮೂರು ಆಯಾಮಕ್ಕೂ ಎಷ್ಟು ಅಂತರ ಬರಬಹುದು ಎನ್ನುವುದಕ್ಕೆ ನನಗೆ ಬಲು ಇಷ್ಟವಾದ ಉದಾಹರಣೆಯೊಂದಿದೆ. 2013ರಲ್ಲಿ ರವಿಕುಮಾರ್ ಕೊಪ್ಪರಪು ಮತ್ತು ಸಂಗಡಿಗರು ಕಂಬದ ಮಾದರಿಯಿಂದ ಸೂರ್ಯನ ಸುತ್ತಲಿನ ವಾಸಯೋಗ್ಯ ವಲಯವನ್ನು, ಅಂದರೆ ನೆಲದ ಮೇಲೆ ನೀರು ದ್ರವವಾಗಿ ಉಳಿಯಬಲ್ಲ ದೂರವನ್ನು, ಮತ್ತೆ ಲೆಕ್ಕ ಹಾಕಿದರು. ಒಳಗಡಿ 0.99 ಖಗೋಳಮಾನ (ಸೂರ್ಯನಿಂದ ಭೂಮಿಗಿರುವ ದೂರವೇ 1) ಎಂದು ಬಂತು. ಭೂಮಿ ಇರುವುದು 1ರಲ್ಲಿ, ಅಂದರೆ ಅಂಚಿನ ಮೇಲೆ. ಅದೇ ವರ್ಷ ಪ್ಯಾರಿಸ್ಸಿನ ಜೆರೆಮಿ ಲಕಾಂತ್ ಮತ್ತು ಸಂಗಡಿಗರು ಮೂರು ಆಯಾಮದ ಮಾದರಿ ನಡೆಸಿದಾಗ ಗಡಿ 0.95ಕ್ಕೆ ಒಳಸರಿಯಿತು. ಕಂಬದೊಳಗೆ ಹವೆಯೆಲ್ಲ ನೀರಾವಿಯಿಂದ ತುಂಬಿದೆಯೆಂದು ಇಟ್ಟುಕೊಂಡಿದ್ದರು. ನಿಜವಾದ ಗ್ರಹದಲ್ಲಿ ಕೆಳಗಿಳಿಯುವ ಗಾಳಿಯ ಉಪೋಷ್ಣ ಪಟ್ಟಿಗಳು ಒಣಗಿರುತ್ತವೆ, ಶಾಖ ಅಲ್ಲಿಂದ ಬಾಹ್ಯಾಕಾಶಕ್ಕೆ ಸಲೀಸಾಗಿ ಹೊರಟುಹೋಗುತ್ತದೆ. ಒಂದು ಕಂಬಕ್ಕೆ ಮರುಭೂಮಿ ಎಂದರೇನೆಂದೇ ಗೊತ್ತಿಲ್ಲ.

ಹಾಗೆಂದು ಕಂಬವನ್ನು ತಳ್ಳಿಹಾಕಬೇಡಿ. ಅನಿಲಗಳ ಮಿಶ್ರಣವನ್ನು ಸಾವಿರ ಬಗೆಯಲ್ಲಿ ಬದಲಿಸಿ ನೋಡಬೇಕಾದಾಗ ಇದಕ್ಕೆ ಸಾಟಿಯಿಲ್ಲ.

ಲ್ಯಾಪ್‌ಟಾಪಿನ ಜಿಸಿಎಂ: ಎಕ್ಸೋಪ್ಲಾಸಿಮ್ ಮತ್ತು ಇಸ್ಕಾ

ಹೆಚ್ಚಿನ ಓದುಗರ ತೀರ್ಮಾನ ಇಲ್ಲೇ ಮುಗಿಯಬಹುದು.

ಎಕ್ಸೋಪ್ಲಾಸಿಮ್ ಟೊರೊಂಟೊ ವಿಶ್ವವಿದ್ಯಾಲಯದ ಅಡಿವ್ ಪ್ಯಾರಡೈಸ್ ಮತ್ತು ಜತೆಗಾರರು ರೂಪಿಸಿದ್ದು. 2022ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟವಾಯಿತು. ಜರ್ಮನಿಯ ಹ್ಯಾಂಬರ್ಗಿನಲ್ಲಿ ಹುಟ್ಟಿದ ಪ್ಲಾಸಿಮ್ ಇದರ ತಳಹದಿ. ಮೇಲೆ ಪೈಥಾನ್, ಒಳಗೆ ಫೋರ್ಟ್ರಾನ್. ಪೈಥಾನ್ ಪ್ಯಾಕೇಜುಗಳನ್ನು ತರುವ ಪಿಪ್ ಮೂಲಕ ಇಳಿಸಿಕೊಳ್ಳಬಹುದು, ಯಂತ್ರದಲ್ಲಿ ಫೋರ್ಟ್ರಾನ್ ಕಂಪೈಲರ್ ಇರಬೇಕು. ಲಿನಕ್ಸ್ ಇದ್ದರೆ ಒಳ್ಳೆಯದು. ಸಾಮಾನ್ಯ ಜಾಲರಿಯಲ್ಲಿ ಅಕ್ಷಾಂಶಕ್ಕೆ 32, ರೇಖಾಂಶಕ್ಕೆ 64 ಚೌಕಗಳು, ಎತ್ತರಕ್ಕೆ 10 ಪದರಗಳು. ಒಂದೊಂದು ಚೌಕವೂ ಐದಾರು ಡಿಗ್ರಿ ಅಗಲ, ಪಶ್ಚಿಮ ಘಟ್ಟದಂಥ ಪರ್ವತಸಾಲು ಅದರೊಳಗೆ ಕಾಣದೆ ಕರಗಿಹೋಗುತ್ತದೆ. ಆದರೆ ಖಂಡಗಳ ಆಕಾರ, ಓರೆ, ಕಕ್ಷೆ, ದಿನದ ಉದ್ದ, ನಕ್ಷತ್ರದ ಉಷ್ಣಾಂಶ ಎಲ್ಲವನ್ನೂ ನೀವೇ ಕೊಡಬಹುದು. ಮರುಭೂಮಿ ಎಲ್ಲಿ, ಮಳೆಗಾಲ ಎಲ್ಲಿ ಎಂಬ ನಕಾಶೆ ಬರುತ್ತದೆ. ಕಾದಂಬರಿಗೆ ಗ್ರಹ ಕಟ್ಟುವವರು ಇದನ್ನು ಬಿಟ್ಟು ಬೇರೆಡೆ ನೋಡುವ ಅಗತ್ಯವಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಒಂದೊಂದೇ ಅಂಶ ಬದಲಿಸಿ ಹತ್ತಾರು ಬಾರಿ ನಡೆಸುವ ಎಂಎಸ್ಸಿ ಪ್ರಾಜೆಕ್ಟಿಗೂ ಇದು ಸರಿ.

ಎಲ್ಲಿ ಬಳಸಬಾರದು? ಇದರ ವಿಕಿರಣ ಲೆಕ್ಕದಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡ್, ಓಝೋನ್ ಇಷ್ಟೇ ಇವೆ, ಅದೂ ಭೂಮಿಯಂಥ ಹವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒರಟಾಗಿ. ಹವೆಯಲ್ಲಿ ಮೀಥೇನ್ ಇರುವ ಶನಿಯ ಚಂದ್ರ ಟೈಟನ್, ದಟ್ಟ ಶುಕ್ರ ಇದಕ್ಕೆ ನಿಲುಕುವುದಿಲ್ಲ. ಸಾಗರವೂ ಪ್ರವಾಹಗಳಿಲ್ಲದ ಪದರ.

ಸದಾ ಒಂದೇ ಮುಖವನ್ನು ನಕ್ಷತ್ರಕ್ಕೆ ತೋರುವ ಗ್ರಹದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಪದರದ ಸಾಗರ ಇಟ್ಟರೆ ಹಗಲಿನ ನಡುವೆ ದುಂಡಗಿನ ತೆರೆದ ನೀರು, ಸುತ್ತ ಹಿಮ, ದೊಡ್ಡ ಕಣ್ಣುಗುಡ್ಡೆಯ ಹಾಗೆ. 2014ರಲ್ಲಿ ಯೊಂಗ್ಯುನ್ ಹು ಮತ್ತು ಜುನ್ ಯಾಂಗ್ ಪ್ರವಾಹಗಳಿರುವ ಸಾಗರ ಇಟ್ಟು ನೋಡಿದಾಗ ಬೆಚ್ಚನೆಯ ನೀರು ಸಮಭಾಜಕದುದ್ದಕ್ಕೂ ಹರಿದು ತೆರೆದ ಭಾಗ ಲಾಬ್‌ಸ್ಟರ್ ಎಂಬ ದೊಡ್ಡ ಕಡಲೇಡಿಯ ಆಕಾರಕ್ಕೆ ಚಾಚಿಕೊಂಡಿತು. ಗ್ರಹ ಅದೇ, ನಕ್ಷತ್ರ ಅದೇ. ನಿಮ್ಮ ಪ್ರಶ್ನೆ ತೆರೆದ ನೀರಿನ ವಿಸ್ತಾರದ ಬಗ್ಗೆಯಾದರೆ ಈ ಮೆಟ್ಟಿಲಲ್ಲಿ ನಿಲ್ಲಬೇಡಿ.

ಇಸ್ಕಾ ಬೇರೆ ಜಾತಿಯದು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ವ್ಯಾಲಿಸ್ ತಂಡ 2018ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಜಿಎಫ್‌ಡಿಎಲ್ ಪ್ರಯೋಗಾಲಯದ ಚೌಕಟ್ಟಿನ ಮೇಲೆ ನಿಂತಿದೆ. ಗ್ರಹವನ್ನು ಆದಷ್ಟು ನಿಜದಂತೆ ತೋರಿಸುವುದಕ್ಕಿಂತ, ಒಂದೊಂದೇ ಭೌತಿಕ ಕ್ರಿಯೆಯನ್ನು ಕಳಚಿ ನೋಡುವುದು ಇದರ ಗುರಿ. ನೀರಾವಿ ತೆಗೆಯಿರಿ, ವಿಕಿರಣವನ್ನು ಒಂದೇ ಬಣ್ಣದ ಸರಳ ಲೆಕ್ಕಕ್ಕೆ ಇಳಿಸಿ, ಆಮೇಲೆ ತಿರುಗುವ ವೇಗವನ್ನು ಮಾತ್ರ ಬದಲಿಸುತ್ತಾ ಹೋಗಿ. ನಿಧಾನವಾಗಿ ತಿರುಗಿದರೆ ಸಮಭಾಜಕದಲ್ಲಿ ಏರಿದ ಗಾಳಿಯ ಸುತ್ತು ಧ್ರುವದ ಹತ್ತಿರದವರೆಗೂ ಚಾಚುತ್ತದೆ. ವೇಗ ಹೆಚ್ಚಿಸಿದರೆ ಗುರುಗ್ರಹದಲ್ಲಿರುವಂತೆ ಹಲವು ಗಾಳಿಪಟ್ಟಿಗಳಾಗಿ ಒಡೆಯುತ್ತದೆ. ದ್ರವಗಳ ಚಲನಶಾಸ್ತ್ರದಲ್ಲಿ ಆಸಕ್ತಿಯಿರುವ ಭೌತಶಾಸ್ತ್ರ, ಗಣಿತ, ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಎಕ್ಸೋಪ್ಲಾಸಿಮ್‌ಗಿಂತ ಇದೇ ಮೇಲು. ಕಾರಣ ಏನು ಎಂಬ ಪ್ರಶ್ನೆಗೆ ಇದು ನೇರ ಉತ್ತರ ಕೊಡುತ್ತದೆ. ಕಂಪೈಲ್ ಮಾಡುವಾಗ ಸ್ವಲ್ಪ ತಾಳ್ಮೆ ಬೇಕು.

ದೊಡ್ಡವು: ರಾಕಿ-3ಡಿ, ಜೆನೆರಿಕ್ ಪಿಸಿಎಂ, ಎಕ್ಸೋಕ್ಯಾಮ್

ರಾಕಿ-3ಡಿ ನಾಸಾದ ಗಾಡರ್ಡ್ ಬಾಹ್ಯಾಕಾಶ ಅಧ್ಯಯನ ಸಂಸ್ಥೆಯದು. ಭೂಮಿಯ ಹವಾಮಾನ ಬದಲಾವಣೆಗೆ ಬಳಸುವ ಮಾಡೆಲ್-ಇ ಇದರ ತಾಯಿ. 2017ರಲ್ಲಿ ಮೈಕೆಲ್ ವೇ ಮತ್ತು ತಂಡ ಇದನ್ನು ವಿವರಿಸಿ ಪ್ರಕಟಿಸಿತು. ಪ್ರವಾಹಗಳಿರುವ ಸಾಗರ, ಬ್ರಿಟನ್ನಿನ ಹವಾಮಾನ ಕಚೇರಿಯ ಸಾಕ್ರಟೀಸ್ ವಿಕಿರಣ ಲೆಕ್ಕ ಎರಡೂ ಇದರಲ್ಲಿವೆ. ಜೆನೆರಿಕ್ ಪಿಸಿಎಂ ಪ್ಯಾರಿಸ್ಸಿನ ಫ್ರಾಂಸ್ವಾ ಫೊರ್ಜೆ ಅವರ ಬಳಗದ್ದು, ಬೇರೆಬೇರೆ ಅನಿಲ ಮಿಶ್ರಣಗಳಿಗೆ ಒಗ್ಗಿಸಿಕೊಳ್ಳಬಹುದಾದ ವಿಕಿರಣ ಇದರ ಶಕ್ತಿ. ಪುರಾತನ ಮಂಗಳ ಅಥವಾ ಇಂಗಾಲದ ಡೈಆಕ್ಸೈಡಿನ ದಟ್ಟ ಹವೆ ನಿಮ್ಮ ವಿಷಯವಾದರೆ ಮೊದಲು ನೋಡಬೇಕಾದ್ದು ಇದನ್ನೇ. ಕೋಡಿನೊಳಗೆ ಅಲ್ಲಲ್ಲಿ ಫ್ರೆಂಚ್ ಟಿಪ್ಪಣಿಗಳು ಎದುರಾಗುತ್ತವೆ, ಹೆದರಬೇಕಿಲ್ಲ. ಎಕ್ಸೋಕ್ಯಾಮ್ ಕೊಲೊರಾಡೊದ ಎರಿಕ್ ವುಲ್ಫ್ ಅವರದು. ಸಿಇಎಸ್‌ಎಂ ಎಂಬ ಭಾರೀ ಭೂಮಾದರಿಯನ್ನು ಮೊದಲು ಸ್ಥಾಪಿಸಿ ಅದರ ಮೇಲೆ ಕೂರಿಸಬೇಕು. ಸಿಇಎಸ್‌ಎಂ ಈಗಾಗಲೇ ಬಳಸುವ ಪ್ರಯೋಗಾಲಯದಲ್ಲಿದ್ದರೆ ಇದು ಸುಲಭ, ಇಲ್ಲದಿದ್ದರೆ ಬೇಡ. ಬ್ರಿಟನ್ನಿನ ಯೂನಿಫೈಡ್ ಮಾಡೆಲ್ ಅನ್ನೂ ಹೊರಗ್ರಹಗಳಿಗೆ ಬಳಸುತ್ತಾರೆ. ನೋಯ್ಡಾದ ರಾಷ್ಟ್ರೀಯ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ ನಮ್ಮ ಹವಾ ಮುನ್ಸೂಚನೆಗೆ ನಡೆಸುವುದೂ ಇದೇ ಕುಟುಂಬದ ಮಾದರಿಯನ್ನು. ಆದರೆ ಪರವಾನಗಿ ಬೇಕು, ಒಬ್ಬಂಟಿ ಹವ್ಯಾಸಿಗೆ ಇದು ದಾರಿಯಲ್ಲ.

ಇವನ್ನೆಲ್ಲ ಸರಿಯಾಗಿ ನಡೆಸಲು ಹಲವು ಕಂಪ್ಯೂಟರುಗಳನ್ನು ಜೋಡಿಸಿದ ಕ್ಲಸ್ಟರ್ ಬೇಕು. ಕರ್ನಾಟಕದಲ್ಲಿ ಓದುವವರು ಮೊದಲು ಮಾರ್ಗದರ್ಶಕರನ್ನು ಹುಡುಕಿಕೊಳ್ಳಿ, ಆಮೇಲೆ ಮಾದರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನದ ಪ್ರತ್ಯೇಕ ಕೇಂದ್ರವಿದೆ, 2022ರಲ್ಲಿ ಬಂದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರೂ ಇದೆ. ಭೂಮಿಯ ಮಾದರಿ ನಡೆಸಿ ಪಳಗಿದ ಒಬ್ಬ ಸಂಶೋಧಕರ ಪಕ್ಕದಲ್ಲಿ ಕೂತು ಕಲಿಯುವುದನ್ನು ಯಾವ ಕೈಪಿಡಿಯೂ ಕೊಡುವುದಿಲ್ಲ.

ಇವುಗಳ ನಡುವೆ ಯಾವುದು ಹೆಚ್ಚು ಸರಿ? ಇದಕ್ಕೆ ಶುಕ್ರನ ಕಥೆ ಕೇಳಿ. 2016ರಲ್ಲಿ ವೇ ಮತ್ತು ಸಂಗಡಿಗರು ನಾಸಾ ಮಾದರಿಯಲ್ಲಿ ಪುರಾತನ ಶುಕ್ರನನ್ನು ನಡೆಸಿದರು. ನಿಧಾನವಾಗಿ ತಿರುಗುವ ಗ್ರಹದ ಹಗಲಿನ ಬದಿಯಲ್ಲಿ ದಟ್ಟ ಮೋಡ ಕಟ್ಟಿ ಬಿಸಿಲನ್ನು ತಡೆಯಿತು. 71.5 ಕೋಟಿ ವರ್ಷಗಳ ಹಿಂದಿನವರೆಗೂ ಶುಕ್ರ ವಾಸಯೋಗ್ಯವಾಗಿ ಇದ್ದಿರಬಹುದು ಎಂದು ಬಂತು. 2021ರಲ್ಲಿ ಮಾರ್ಟಿನ್ ಟರ್ಬೆ ಮತ್ತು ಸಂಗಡಿಗರು ಪ್ಯಾರಿಸ್ ಮಾದರಿಯಲ್ಲಿ ನಡೆಸಿದಾಗ ಮೋಡ ಹೆಚ್ಚಾಗಿ ಇರುಳಿನ ಬದಿಯಲ್ಲಿ ಕಟ್ಟಿತು. ಅಲ್ಲಿ ತಡೆಯಲು ಬಿಸಿಲೇ ಇಲ್ಲ, ಒಳಗಿನ ಶಾಖವನ್ನು ಹಿಡಿದಿಡುವುದಷ್ಟೇ ಅದರ ಕೆಲಸ. ಶುಕ್ರನಲ್ಲಿ ಸಾಗರ ಎಂದೂ ಉಂಟಾಗಲೇ ಇಲ್ಲ ಎಂಬ ತೀರ್ಮಾನ ಬಂತು.

ಒಂದು ಮಾದರಿ ಕೆಟ್ಟದು, ಇನ್ನೊಂದು ಒಳ್ಳೆಯದು ಎಂದು ಓದಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ವೇ ಅವರ ಶುಕ್ರ ನೀರು ತುಂಬಿದ ಸಾಗರದೊಂದಿಗೆ ಹೊರಟಿತು. ಟರ್ಬೆ ಅವರ ಶುಕ್ರ ಆಗಷ್ಟೇ ಹುಟ್ಟಿ ಕುದಿಯುತ್ತಿದ್ದ, ನೀರೆಲ್ಲ ಆವಿಯಾಗಿ ಮೇಲಿದ್ದ ಸ್ಥಿತಿಯಿಂದ ಹೊರಟಿತು. ಬುಡಿಕೊ ಅವರ ಪುಟ್ಟ ಮಾದರಿ ಹಿಮದ ವಿಷಯದಲ್ಲಿ ತೋರಿಸಿದ್ದೇ ಇಲ್ಲಿಯೂ ನಡೆದಿದೆ. ಚಿಕ್ಕ ಮಾದರಿಯಲ್ಲಿ ಆ ಪಾಠ ಕಲಿತವರು ದೊಡ್ಡ ಮಾದರಿಯ ನಕಾಶೆ ಕಂಡ ಕೂಡಲೇ ಆರಂಭಸ್ಥಿತಿ ಏನಿತ್ತು ಎಂದು ಕೇಳುತ್ತಾರೆ.

ಮಾದರಿಗಳನ್ನೇ ಎದುರುಬದುರು ಇಟ್ಟು ನೋಡಿದ ಕೆಲಸವೂ ಆಗಿದೆ. ಥಾಯ್ ಎಂಬ ಹೋಲಿಕೆ ಯೋಜನೆಯಲ್ಲಿ ಎಕ್ಸೋಕ್ಯಾಮ್, ಪ್ಯಾರಿಸ್ಸಿನ ಜೆನೆರಿಕ್ ಮಾದರಿ, ರಾಕಿ-3ಡಿ, ಯೂನಿಫೈಡ್ ಮಾಡೆಲ್ ನಾಲ್ಕಕ್ಕೂ ಟ್ರ್ಯಾಪಿಸ್ಟ್-1ಇ ಗ್ರಹವನ್ನೇ ಕೊಟ್ಟರು. 2022ರಲ್ಲಿ ಫಲಿತಾಂಶಗಳು ಪ್ರಕಟವಾದವು. ನೀರಿಲ್ಲದ ಹವೆಯಲ್ಲಿ ನಾಲ್ಕೂ ಸಾಕಷ್ಟು ಹತ್ತಿರ ಬಂದವು. ನೀರು ಬಂದ ಕೂಡಲೇ, ಮೋಡದ ಲೆಕ್ಕದಲ್ಲಿ, ದೂರ ಸರಿದವು. ಹಾಗಾಗಿ ತೇವದ ಗ್ರಹದ ಬಗ್ಗೆ ಒಂದೇ ಮಾದರಿಯ ಉತ್ತರವನ್ನು ಪ್ರಬಂಧದಲ್ಲಿ ಖಚಿತವೆಂಬಂತೆ ಬರೆಯಬೇಡಿ.

ನಡೆಸದೇ ಇರುವುದೂ ಒಂದು ಆಯ್ಕೆ

ಮಂಗಳದ ಯಾವ ಜಾಗದಲ್ಲಿ, ಯಾವ ಋತುವಿನಲ್ಲಿ, ಎಷ್ಟು ಗಂಟೆಗೆ ಎಷ್ಟು ಚಳಿ, ಎಷ್ಟು ಒತ್ತಡ, ಎಷ್ಟು ಗಾಳಿ ಎನ್ನುವುದಷ್ಟೇ ಬೇಕಾದರೆ ಮಾದರಿ ಇಳಿಸಿಕೊಳ್ಳುವುದೇ ಬೇಡ. ಪ್ಯಾರಿಸ್ ಬಳಗದ ಮಾರ್ಸ್ ಕ್ಲೈಮೇಟ್ ಡೇಟಾಬೇಸ್ ಅಂತರ್ಜಾಲದಲ್ಲಿ ಉಚಿತವಾಗಿದೆ, ಧೂಳಿನ ಬೇರೆಬೇರೆ ಸನ್ನಿವೇಶಗಳನ್ನೂ ಆಯ್ದುಕೊಳ್ಳಬಹುದು. ಡ್ರೋನ್ ಅಥವಾ ಪ್ಯಾರಾಚೂಟ್ ವಿನ್ಯಾಸದ ಪ್ರಾಜೆಕ್ಟ್ ಮಾಡುವ ಎಂಜಿನಿಯರಿಂಗ್ ತಂಡಗಳಿಗೆ ಇದೇ ಸರಿಯಾದ ಜಾಗ. ಥಾಯ್ ಯೋಜನೆಯ ದತ್ತಾಂಶವೂ ಸಾರ್ವಜನಿಕವಾಗಿದೆ. ನಾಲ್ಕು ಮಾದರಿಗಳ ಮೋಡವನ್ನು ಪಕ್ಕಪಕ್ಕ ಇಟ್ಟು ವಿಶ್ಲೇಷಿಸುವುದೇ ಒಂದು ಒಳ್ಳೆಯ ಎಂಎಸ್ಸಿ ಪ್ರಬಂಧ, ಪೈಥಾನ್ ಮತ್ತು ಒಂದು ಲ್ಯಾಪ್‌ಟಾಪ್ ಸಾಕು. ಕ್ಲಸ್ಟರ್ ಸಿಗದ ಕಾಲೇಜಿನ ವಿದ್ಯಾರ್ಥಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಶುರು ಮಾಡುವ ಮೊದಲು

ಆರು ತಿಂಗಳಿರುವವರು ಮೊದಲ ಎರಡು ವಾರ ಕ್ಲೈಮ್‌ಲ್ಯಾಬ್‌ನಲ್ಲಿ ಕಳೆಯಿರಿ, ಆಮೇಲೆ ಎಕ್ಸೋಪ್ಲಾಸಿಮ್ ಅಥವಾ ಇಸ್ಕಾ. ಪಿಎಚ್‌ಡಿಗೆ ಹೊರಟವರು ಮಾರ್ಗದರ್ಶಕರಿಗೆ ಪರಿಚಯವಿರುವ ದೊಡ್ಡ ಮಾದರಿಯನ್ನೇ ಹಿಡಿಯಿರಿ. ಹೆಸರಿನ ಆಕರ್ಷಣೆಗಿಂತ ಪಕ್ಕದ ಮೇಜಿನ ನೆರವು ದೊಡ್ಡದು.

ಯಾವುದನ್ನೇ ಹಿಡಿದರೂ ಮೊದಲ ಬಾರಿ ಭೂಮಿಯನ್ನೇ ನಡೆಸಿ. ಸರಾಸರಿ 288 ಕೆಲ್ವಿನ್ ಹತ್ತಿರ ಬರುತ್ತದೆಯೇ, ಸಹಾರಾ ಒಣಗಿದೆಯೇ ನೋಡಿ. ನಂತರ ನಿಮ್ಮ ಗ್ರಹವನ್ನು ಒಮ್ಮೆ ಬೆಚ್ಚಗಿನ ಸ್ಥಿತಿಯಿಂದ, ಇನ್ನೊಮ್ಮೆ ಹಿಮ ಮುಚ್ಚಿದ ಸ್ಥಿತಿಯಿಂದ ಹೊರಡಿಸಿ. ಎರಡೂ ಒಂದೇ ಕಡೆ ಬಂದು ನಿಂತವೇ ಎಂದು ಪರೀಕ್ಷಿಸಿ. ನಿಲ್ಲುವುದೆಂದರೆ ನೆಲದ ಉಷ್ಣಾಂಶ ಅಲುಗಾಡದಿರುವುದು ಮಾತ್ರವಲ್ಲ. ವಾಯುಮಂಡಲದ ನೆತ್ತಿಯಲ್ಲಿ ಒಳಬರುವ ಮತ್ತು ಹೊರಹೋಗುವ ಶಕ್ತಿಯ ಅಂತರವನ್ನು ವರ್ಷವರ್ಷಕ್ಕೆ ಬರೆದಿಡಿ. ಅದು ಚದರ ಮೀಟರಿಗೆ ಒಂದು ವಾಟ್‌ಗಿಂತ ಸಾಕಷ್ಟು ಕೆಳಗಿಳಿದು ಅಲ್ಲೇ ಉಳಿಯುವವರೆಗೆ ನಕಾಶೆ ಬಿಡಿಸಬೇಡಿ, ಇನ್ನಷ್ಟು ವರ್ಷ ನಡೆಸಿ.